ಮೂರು ಮೂಲೆಯ ಅರ ಮತ್ತು ಬಾವಿಯ ಪಟೇಲ

ಮೊನ್ನೆ ಹಪ್ಪಳದ ಡಬ್ಬಿಯ ಮುಚ್ಚಳ ಎಬ್ಬಲು ಏನಾದರೂ ಸಿಗುತ್ತದೆಯೇ ಎಂದು ಅಡುಗೆಮನೆಯ ಡ್ರಾವರ್ ತಡಕಾಡುತ್ತಿದ್ದೆ. ಕೈಗೆ ಸಿಕ್ಕಿದ್ದು ಅರ. ಬಡಗಿಗಳು ಗರಗಸದ ಹಲ್ಲು ಮಸೆಯಲು ಇಟ್ಟುಕೊಳ್ಳುವ ಮೂರು ಮೂಲೆಯ ಸಣ್ಣ ಅರ. ತುಕ್ಕು ಹಿಡಿದು, ಹಿಡಿಕೆ ಕಳಚಿ, ಹಳೆಯ ಸೌಟುಗಳ ನಡುವೆ ಮಲಗಿತ್ತು.

"ಅದನ್ನ ಗುಜರಿಯವಂಗೆ ಕೊಡ್ಲಾ?" ಎಂದಳು ಹೆಂಡತಿ.

"ಅದು ನನ್ನ ಸಂಶೋಧನೆ" ಎಂದೆ.

"ಹಂಗಾರೆ ಗುಜರಿಯವ ತಗತ್ನಿಲ್ಲೆ" ಎಂದು ಅವಳು ಒಗ್ಗರಣೆಯ ಕಡೆ ತಿರುಗಿದಳು.

ಅವಳ ಮಾತಿನಲ್ಲಿ ತಪ್ಪಿಲ್ಲ. ತೊಂಬತ್ತರ ದಶಕದಲ್ಲಿ ನಾನು ಶಿರಸಿಯಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರಾಗಿ ಹೊಸದಾಗಿ ಸೇರಿದ್ದೆ. ಕಪ್ಪೆ ಕೊಯ್ಯುವುದು ಬಿಟ್ಟರೆ ಬೇರೆ ಕಸುಬು ಗೊತ್ತಿರಲಿಲ್ಲ. ನನಗೆ ಕಲಿಸಿದ ಪ್ರೊಫೆಸರರು ಒಂದು ದಿನ ಫೋನು ಮಾಡಿ, ನಿಮ್ಮ ಕಡೆಯ ಹಳ್ಳಗಳಲ್ಲಿ ಕರಿ ಆಮೆಗಳು ಕಮ್ಮಿಯಾಗುತ್ತಿವೆಯಂತೆ, ಎಷ್ಟು ಉಳಿದಿವೆ, ಮರಿ ಆಗುತ್ತಿವೆಯೇ ನೋಡು ಎಂದರು. ಅರಣ್ಯ ಇಲಾಖೆಯ ಅನುಮತಿಯನ್ನೂ ಅವರೇ ಕೊಡಿಸಿದರು. ಸಿಕ್ಕ ಆಮೆಯ ಚಿಪ್ಪಿನ ಅಂಚಿನಲ್ಲಿ ಅರದಿಂದ ಸಣ್ಣ ಕಚ್ಚು ಹಾಕಬೇಕು. ನೋವಾಗುವುದಿಲ್ಲ, ಉಗುರು ಕತ್ತರಿಸಿದ ಹಾಗೆ. ಒಂದೊಂದು ಆಮೆಗೆ ಒಂದೊಂದು ಜಾಗದಲ್ಲಿ ಕಚ್ಚು. ಮುಂದೆ ಅದೇ ಆಮೆ ಮತ್ತೆ ಸಿಕ್ಕರೆ ಗುರುತು ಹತ್ತುತ್ತದೆ. ಇಷ್ಟೇ ವಿಜ್ಞಾನ. ನಾನು ಹಾರ್ಡ್‌ವೇರ್ ಅಂಗಡಿಗೆ ಹೋಗಿ ಅರ ಕೇಳಿದೆ. "ಗರಗಸ ಯಾವ ನಮೂನೆದು?" ಎಂದು ಅಂಗಡಿಯವ ಕೇಳಿದ. "ಆಮೆ" ಎಂದೆ. ಅವನು ಸುಮ್ಮನೆ ಕಟ್ಟಿಕೊಟ್ಟ. ಮೇಷ್ಟ್ರುಗಳ ಜೊತೆ ಹೆಚ್ಚು ಮಾತಾಡಬಾರದು ಎಂಬುದು ಪೇಟೆಯವರಿಗೆಲ್ಲ ಗೊತ್ತು.

ಓಡಾಡಲು ಗೊತ್ತುಮಾಡಿಕೊಂಡಿದ್ದು ಖಾದರನ ಜೀಪು. ಯಲ್ಲಾಪುರದ ಖಾದರನ ಮನೆತನದಲ್ಲಿ ಅಜ್ಜನ ಕಾಲದಿಂದ ಗಾಡಿ ಹೊಡೆಯುವುದೇ ಉದ್ಯೋಗ. ಎತ್ತಿನ ಗಾಡಿ ಹೋಗಿ ಲಾರಿ, ಲಾರಿ ಹೋಗಿ ಜೀಪು. ಮದುವೆ ದಿಬ್ಬಣ, ಬಾಣಂತಿ, ಹೆಂಚು, ಸೆಕೆಂಡ್ ಹ್ಯಾಂಡ್ ಫ್ರಿಜ್ಜು ಎಲ್ಲ ಸಾಗಿಸಿದ್ದ. ಆಮೆಯನ್ನು ಮಾತ್ರ ಸಾಗಿಸಿರಲಿಲ್ಲ. "ಭಟ್ರೆ, ಸೀಟಿನ ಮೇಲೆ ಕೂರಿಸೋದಾ, ಕೆಳಗಾ?" ಎಂದು ಮೊದಲ ದಿನವೇ ಕೇಳಿ ಖಾತ್ರಿ ಮಾಡಿಕೊಂಡ.

ಆ ಚಿಂತೆಗೆ ಅವಸರವಿರಲಿಲ್ಲ. ಸಿದ್ದಾಪುರದ ಕಡೆಯ ಹಳ್ಳ, ವಾನಳ್ಳಿಯ ಆಚೆಯ ಹಳ್ಳ, ಯಲ್ಲಾಪುರದ ದಾರಿಯ ಹಳ್ಳ, ಎಲ್ಲ ಕಡೆ ಪ್ಯಾಂಟು ಮೊಣಕಾಲಿಗೆ ಮಡಚಿ ಇಳಿದೆ. ರಕ್ತ ಹೀರುವ ಇಂಬಳ ಸಿಕ್ಕಿತು. ಯಾರದೋ ಹವಾಯಿ ಚಪ್ಪಲಿ ಸಿಕ್ಕಿತು, ಬಲಗಾಲಿನದು. ಅಲ್ಲೊಂದು ಇಲ್ಲೊಂದು ಆಮೆಯೂ ಸಿಕ್ಕಿತು. ಸಿಕ್ಕಿದ್ದನ್ನು ಮಗುಚಿ ನೋಡಿದರೆ ಗಂಡು. ಗಂಡಿನ ಹೊಟ್ಟೆಯ ಕಡೆಯ ಚಿಪ್ಪು ಸ್ವಲ್ಪ ಒಳಗೆ ತಗ್ಗಿರುತ್ತದೆ, ಬಾಲ ದಪ್ಪ. ಮತ್ತೊಂದು ಸಿಕ್ಕಿತು, ಅದೂ ಗಂಡು. ಹೆಣ್ಣಿಲ್ಲ, ಮರಿ ಇಲ್ಲ. ಹಿಡಿದಾಗ ಕರಿ ಆಮೆ ಒಂದು ವಾಸನೆ ಬಿಡುತ್ತದೆ. ಅದನ್ನು ವರ್ಣಿಸುವುದಿಲ್ಲ, ನೀವು ಊಟ ಮಾಡಿ ಓದುತ್ತಿರಬಹುದು. ಖಾದರ್ ಜೀಪಿನಲ್ಲಿ ಅಗರಬತ್ತಿ ಹಚ್ಚತೊಡಗಿದ. ಹತ್ತಿದವರು ಇದ್ಯಾವ ದರ್ಗಾದಿಂದ ಬಂದದ್ದು ಎಂದು ಕೇಳುತ್ತಿದ್ದರು.

ಹೆಣ್ಣುಗಳೆಲ್ಲ ಎಲ್ಲಿ ಹೋದವು ಎಂಬ ಪ್ರಶ್ನೆಗೆ ಉತ್ತರ ಹಳ್ಳದಲ್ಲಿ ಇರಲಿಲ್ಲ, ಜಗಲಿಯಲ್ಲಿತ್ತು. ನಮ್ಮ ಕಡೆ ಬಂದವರಿಗೆ ಮೊದಲು ಆಸರಿಗೆ, ಅಂದರೆ ಕುಡಿಯಲು ಏನು ಬೇಕು ಎಂದು, ಕೇಳುತ್ತಾರೆ, ಆಮೇಲೆ ಬಂದ ಕೆಲಸ. ಪ್ರತಿ ಮನೆಯಲ್ಲೂ ನಾನು ಚಾ ಲೋಟ ಕೆಳಗಿಟ್ಟು ಗಂಭೀರವಾಗಿ, "ಇಲ್ಲೆಲ್ಲಾದ್ರೂ ಆಮೆ ಕಂಡಿದ್ರಾ?" ಎನ್ನುವುದು. ಪ್ರತಿ ಮನೆಯವರೂ, "ಹೊಳೇಲಿ ಎಲ್ಲಿದ್ದು ಈಗ? ಯಂಗ್ಳ ಬಾವಿಲಿ ಒಂದು ಇದ್ದಲಾ!" ಎನ್ನುವುದು.

ಅಯ್ಯೋ ನನ್ನ ಬುದ್ಧಿಯೇ! ನಾನೂ ಇಲ್ಲೇ ಹುಟ್ಟಿ ಬೆಳೆದವನಲ್ಲವೆ? ಬಾವಿ ತೋಡಿದರೆ ಆಮೆ ಬಿಡಬೇಕು. ಹುಳುಹುಪ್ಪಡಿ ತಿನ್ನುತ್ತದೆ, ನೀರು ತಿಳಿಯಾಗಿರುತ್ತದೆ. ಆಮೆ ಹೊಕ್ಕ ಮನೆ ಉದ್ಧಾರವಾಗುವುದಿಲ್ಲ ಎಂದು ಹೇಳುವ ಅದೇ ಜನ, ಆಮೆ ಇಲ್ಲದ ಬಾವಿಯ ನೀರು ಕುಡಿಯಲು ಅನುಮಾನಿಸುತ್ತಾರೆ. ಮನೆ ಬೇರೆ, ಬಾವಿ ಬೇರೆ. ಒಂದು ಬಾವಿಗೆ ಒಂದೇ ಆಮೆ. ಎರಡಾದರೆ ಕಚ್ಚಾಡಿ ನೀರು ಕದಡುತ್ತವೆ ಎಂದು ಹಿರಿಯರು ಹೇಳಿದ್ದಾರೆ. ಚಿಕ್ಕವರಿದ್ದಾಗ ನಾವು ಬಾವಿಕಟ್ಟೆಗೆ ಹೊಟ್ಟೆ ಒತ್ತಿ ಬಗ್ಗಿ "ಹೋಯ್" ಎಂದು ಕೂಗುತ್ತಿದ್ದೆವು. ಬಾವಿ "ಹೋಯ್" ಎನ್ನುತ್ತಿತ್ತು. ಕೆಳಗಿನಿಂದ ಒಂದು ಸಣ್ಣ ತಲೆ ಎದ್ದು, ಇವಕ್ಕೆ ಬೇರೆ ಕೆಲಸವಿಲ್ಲವೇ ಎಂಬಂತೆ ನೋಡಿ ಮುಳುಗುತ್ತಿತ್ತು. ಬಾವಿಯ ಕಪ್ಪೆ ಎಂದು ಬೈಯಿಸಿಕೊಂಡು ಬೆಳೆದವರು ನಾವು. ಬಾವಿಯ ಆಮೆ ಎಂದು ಯಾರೂ ಬೈದಿದ್ದಿಲ್ಲ, ಅದಕ್ಕೆ ಮರ್ಯಾದೆ ಇತ್ತು.

ಇನ್ನು ಹೆಣ್ಣೇ ಯಾಕೆ ಎಂದಿರಾ? ಗಂಡಾಮೆ ನೀರು ಬಿಟ್ಟು ದೂರ ಬರುವುದು ಕಮ್ಮಿ. ಹೆಣ್ಣು ಮೊಟ್ಟೆ ಇಡಲು ದಂಡೆ ಹತ್ತಿ ಮಣ್ಣು ಹುಡುಕುತ್ತ ಬರುತ್ತದೆ. ದಾರಿಯಲ್ಲಿ ಸಿಕ್ಕಿದ್ದನ್ನು ನಮ್ಮವರು ಎತ್ತಿ ತಂದು ಬಾವಿಗೆ ಬಿಡುತ್ತಾರೆ. ಹೀಗೆ ತಲೆಮಾರಿನಿಂದ ತಲೆಮಾರಿಗೆ ಬಸುರಿ ಆಮೆಗಳನ್ನೇ ಆರಿಸಿ ಬಾವಿಗೆ ಹಾಕಿದ್ದೇವೆ. ಗಂಡುಗಳೆಲ್ಲ ಹೊಳೆಯಲ್ಲಿ, ಹೆಣ್ಣುಗಳೆಲ್ಲ ಬಾವಿಯಲ್ಲಿ. ಯಾರೂ ಒಂದೇ ಒಂದು ಆಮೆಯನ್ನು ಕೊಂದಿಲ್ಲ. ಆದರೂ ಹೊಳೆಯಲ್ಲಿ ಮರಿ ಹುಟ್ಟುವುದು ನಿಂತಿತ್ತು. ಇದೇ ರೀತಿ ಹೋದರೆ ಈಗಿನ ಗಂಡುಗಳು ಮುದಿಯಾಗಿ ಸಾಯುತ್ತವೆ, ಆಮೇಲೆ ಹೊಳೆಯೂ ಖಾಲಿ, ಬಾವಿಯೂ ಖಾಲಿ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಬಾವಿಯ ಹೆಣ್ಣುಗಳನ್ನು ಹೊಳೆಗೆ ಕಳಿಸಬೇಕು ಎಂದು ತೀರ್ಮಾನಿಸಿದೆ. ಮೊದಲು ಹೋದದ್ದು ಕಾನಸೂರಿನ ಹತ್ತಿರ ಭಾಗತ್ತೆಯ ಮನೆಗೆ. ಭಾಗೀರಥಿ ನನ್ನ ಅಪ್ಪನ ತಂಗಿ. ನನಗೆ ಮೂವತ್ತು ದಾಟಿದ್ದರೂ ಅವಳಿಗೆ ನಾನು ಇನ್ನೂ ಮಾಣಿ, ಸಣ್ಣ ಹುಡುಗ. ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಹಗಲಿಡೀ ಎಲೆಯಡಿಕೆಯ ಕವಳ ಹಾಕುವ ಮಾವ ಎಲ್ಲ ಇರುವ ಗಿಜಿಗುಡುವ ಮನೆ. ಬಾವಿಗೆ ಪಂಪು ಕೂರಿಸಿ ಅಡುಗೆಮನೆಗೆ ನಲ್ಲಿ ಬಂದು ಆಗಲೇ ಕೆಲವು ವರ್ಷಗಳಾಗಿದ್ದವು. ಗಡಗಡೆಗೆ ಹಗ್ಗ ಹಾಕಿ ನೀರು ಸೇದುವವಳು ಅವಳೊಬ್ಬಳೇ. ಆ ಬಾವಿಯ ಆಮೆಗೆ ಮನೆಯವರೆಲ್ಲ ಪಟೇಲ ಎನ್ನುತ್ತಿದ್ದರು. ಗತ್ತು ಹಾಗಿತ್ತು.

ನಾನು ಹೊಳೆಯಲ್ಲಿ ಆಮೆ ಕಮ್ಮಿಯಾದ ವಿಷಯ ಮಾತ್ರ ಹೇಳಿ, "ಪಟೇಲನ್ನ ಕೊಡತ್ತೆ, ಹೊಳೆಗೆ ಬಿಡನ" ಎಂದೆ.

"ಕೊಡ್ತ್ನಿಲ್ಲೆ" ಎಂದಳು.

"ಎಂತಕ್ಕೆ?"

ಅವಳು ಒಳಗೆ ಯಾರಾದರೂ ಕೇಳಿಸಿಕೊಳ್ಳುತ್ತಾರೋ ಎಂದು ನೋಡಿ ದನಿ ಇಳಿಸಿದಳು. "ಅದು ಯನ್ನಕಿಂತ ಮೊದಲು ಈ ಮನೆಗೆ ಬಂದಿದ್ದು ಮಾಣಿ. ಆನು ಮದ್ವೆಯಾಗಿ ಬಂದಾಗ ಯಂಗೆ ಹದಿನಾರು. ಅಳಲೂ ಜಾಗ ಇಲ್ಲೆ ಈ ಮನೇಲಿ, ಎಲ್ಲಿ ನೋಡಿದ್ರೂ ಜನ. ಬಾವಿಕಟ್ಟೆ ಹತ್ರ ಬಗ್ಗಿ ನಿಂತ್ರೆ ನೀರು ಸೇದ್ತು ಹೇಳಿ ತಿಳ್ಕತ್ತಿದ್ದ. ಅಲ್ಲಿ ಅದೊಂದೇ ತಲೆ ಎತ್ತಿ ನೋಡಿದ್ದು. ಯನ್ನ ಗುಟ್ಟೆಲ್ಲ ಅದ್ರ ಹೊಟ್ಟೆಲಿ ಇದ್ದು. ಅದನ್ನ ತಗಂಡು ಹೋಗಿ ಊರ ಹೊಳೆಗೆ ಬಿಡ್ತ್ಯಾ?"

ಅವಳು ಮಜ್ಜಿಗೆ ಕೊಟ್ಟಳು, ಕುಡಿದು ಎದ್ದೆ.

ಉಳಿದವರು ಹಾಗಲ್ಲ. ಧಾರಾಳಿಗಳು. "ಆಮೆ ಕೊಡಿ" ಎಂದರೆ "ಅದಕ್ಕೆಂತ, ತಗಂಡು ಹೋಗಿ" ಎಂದು ಬುಟ್ಟಿ ಇಳಿಸಿ ಎತ್ತಿಕೊಟ್ಟರು. ಜೊತೆಗೆ ಬಾಳೆಗೊನೆಯನ್ನೂ ಕೊಟ್ಟರು. ನಾನು ಒಂದೊಂದಕ್ಕೂ ಅರದಿಂದ ಕಚ್ಚು ಹಾಕಿ, ಕಾನಸೂರಿನ ಈಚೆ ಹಳ್ಳ ತಿರುಗುವಲ್ಲಿ ಇರುವ ಆಳವಾದ ಮಡುವಿಗೆ ಬಿಟ್ಟೆ. ದೇವರ ಮಡು, ಅಲ್ಲಿ ಮೀನು ಹಿಡಿಯುವಂತಿಲ್ಲ. ಇಷ್ಟು ಸಲೀಸಾಗಿ ನಡೆದ ಕೆಲಸ ನನ್ನ ಜೀವನದಲ್ಲಿ ಬೇರೊಂದಿಲ್ಲ. ಅಷ್ಟಕ್ಕೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಬದಲಿಗೆ ಭಾಷಣ ಮಾಡತೊಡಗಿದೆ. ಶಾಲೆಯ ವಾರ್ಷಿಕೋತ್ಸವ, ಯುವಕ ಸಂಘ, ಮಹಿಳಾ ಮಂಡಳ, ಕರೆದಲ್ಲೆಲ್ಲ ಹೋಗಿ, ಕಾನಸೂರಿನ ಮಡುವಿನಲ್ಲಿ ಈಗ ಎಂಥೆಂಥ ಆಮೆಗಳಿವೆ, ಗುರುತು ಹೇಗೆ, ದಾರಿ ಹೇಗೆ ಎಂದು ಕರಿಹಲಗೆಯ ಮೇಲೆ ನಕ್ಷೆ ಬರೆದು ವಿವರಿಸಿದೆ. ಜನ ಬಹಳ ಗಮನವಿಟ್ಟು ಕೇಳಿದರು. ಒಬ್ಬರಿಬ್ಬರು ನಕ್ಷೆಯನ್ನು ಕೈಚೀಟಿಯಲ್ಲಿ ಬರೆದುಕೊಂಡಾಗ ನಾನು ಅದನ್ನು ಇನ್ನಷ್ಟು ದೊಡ್ಡದಾಗಿ ಬರೆದು ತೋರಿಸಿದೆ.

ಮುಂದಿನ ವರ್ಷ ಉಮ್ಮಚಗಿಯಲ್ಲಿ ಗಣಪಣ್ಣ ಎಂಬ ಪರಿಚಯದವರ ಮನೆಗೆ ಬೇರೆ ಕೆಲಸಕ್ಕೆ ಹೋಗಿದ್ದೆ. ಹೊಸ ಬಾವಿ ತೋಡಿಸಿದ್ದರು. ನೋಡಿ ಎಂದರು. ನೋಡಿದೆ. ಒಂದು ಆಮೆ ಬಿಸಿಲು ಬಿದ್ದ ಕಡೆ ತೇಲುತ್ತಿತ್ತು. ಚಿಪ್ಪಿನ ಎಡ ಅಂಚಿನಲ್ಲಿ ನನ್ನ ಕಚ್ಚು.

"ಗಣಪಣ್ಣ, ಇದು ಎಲ್ಲಿಂದ ಬಂತು?"

"ಕಾನಸೂರಿಂದು. ಅಲ್ಲಿ ಸಿಗ್ತು ಹೇಳಿ ನೀನೇ ಭಾಷಣ ಮಾಡಿದ್ಯಲಾ!" ಗಣಪಣ್ಣ ನನ್ನ ಭುಜ ತಟ್ಟಿದರು. "ಮಾರ್ಕು ಇದ್ದಿದ್ದನ್ನೇ ನೋಡಿ ತಂದ್ಯ. ಪರೀಕ್ಷೆ ಆದ ಮಾಲು. ಮಾರ್ಕಿಲ್ಲದ್ದು ಹೆಂಗಿರ್ತೇನ!"

ವಾಪಸು ಬರುವಾಗ ಆಮೆ ಕೊಟ್ಟ ಮನೆಗಳ ಬಾವಿಗಳನ್ನೆಲ್ಲ ಇಣುಕುತ್ತ ಬಂದೆ. ಎಲ್ಲದರಲ್ಲೂ ಆಮೆ ಇತ್ತು, ಎಲ್ಲದಕ್ಕೂ ಕಚ್ಚಿತ್ತು. ಬಾವಿ ಖಾಲಿ ಇಡುವುದಕ್ಕಾಗುತ್ತದೆಯೇ? ಕೇಳಿದವರಿಗೆ ಇಲ್ಲ ಎನ್ನಬಾರದು ಎಂದು ನನಗೆ ಕೊಟ್ಟಿದ್ದರು. ಬಾವಿಗೆ ಬೇಕು ಎಂದು ಮಡುವಿನಿಂದ ತಂದುಕೊಂಡಿದ್ದರು. ಎರಡೂ ಕೆಲಸವನ್ನು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದರು. ನಾನು ಮಾಡಿದ್ದೇನೆಂದರೆ ಈ ಮನೆಯ ಆಮೆಯನ್ನು ಆ ಮನೆಗೆ ಬದಲಿ ಮಾಡಿದ್ದು. ಪ್ರತಿಯೊಂದಕ್ಕೂ ಗ್ಯಾರಂಟಿ ಮುದ್ರೆ ಒತ್ತಿದ್ದು.

ಖಾದರನಿಗೆ ಇದನ್ನೆಲ್ಲ ಹೇಳುತ್ತ ಜೀಪಿನಲ್ಲಿ ಕೂತಿದ್ದೆ. ಅವನು ಗೇರು ಇಳಿಸಿ ಗಾಡಿ ನಿಧಾನ ಮಾಡಿದ. "ಭಟ್ರೆ, ಸಿಟ್ಟಾಗಬೇಡಿ. ಉಮ್ಮಚಗಿಗೆ ಒಬ್ಬರು ಚೀಲ ಹಿಡಕೊಂಡು ನನ್ನ ಜೀಪಲ್ಲೇ ಬಂದಿದ್ದರು. ವಾಸನೆ ಬಂತು. ಅಂದ್ಕೊಂಡೆ, ಇದು ನಮ್ಮ ಹಳೇ ವಾಸನೆ ಇರಬೇಕು ಅಂತ" ಎಂದ.

ಮಾಡುವುದೇನು? ಬಯ್ಯೋಣವೆಂದರೆ ಯಾರನ್ನು ಬಯ್ಯುವುದು? ಆಮೆ ಹಿಡಿಯಬಾರದೆಂಬ ಕಾನೂನು ಹೇಳೋಣವೆಂದರೆ, ಹೇಳಬೇಕಾದ ಅರಣ್ಯ ಇಲಾಖೆಯ ಗಾರ್ಡನ ಮನೆಯ ಬಾವಿಯಲ್ಲೇ ಒಂದು ಈಜುತ್ತಿತ್ತು. ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಖಾದರನೇ ಮನೆಗೆ ಬಂದ. ಜಗಲಿಯ ತುದಿಯಲ್ಲಿ ಕೂತು, "ಭಟ್ರೆ, ಬಾವಿಗೆ ಆಮೆ ಬೇಕು ಸರಿ, ಹೆಣ್ಣೇ ಆಗಬೇಕು ಅಂತ ಶಾಸ್ತ್ರ ಇದೆಯಾ?" ಎಂದು ಕೇಳಿದ.

"ಇಲ್ಲ."

"ಹೊಳೇಲಿ ಗಂಡು ಜಾಸ್ತಿ ಅಂತೀರಿ. ಹಾಗಾದ್ರೆ ನಾಲ್ಕು ಗಂಡು ಹಿಡೀರಿ, ಬಾವಿಗೆ ಬಿಡಿ. ಹೆಣ್ಣು ಹೊರಗೆ ತನ್ನಿ. ಮನೆ ಅಳಿಯ ಮಾಡ್ಕೊಳ್ಳಿ ಅಂದ್ರೆ ನಿಮ್ಮವರು ಬೇಡ ಅಂತಾರಾ?"

ಪ್ರೊಫೆಸರರಿಗೆ ಫೋನು ಮಾಡಿದೆ. ಅವರು ಇಡೀ ಕತೆಯನ್ನು ಎರಡು ಸಲ ಹೇಳಿಸಿದರು. ಎಸ್‌ಟಿಡಿ ಬೂತಿನ ಮೀಟರು ಓಡುತ್ತಲೇ ಇತ್ತು. ನಂತರ, "ಬೇರೆ ದಾರಿ ಇದ್ದರೆ ನೋಡು. ಇಲ್ಲದಿದ್ದರೆ ಮಾಡು. ವರದಿಯಲ್ಲಿ ಅಳಿಯ ಎಂದು ಬರೆಯಬೇಡ" ಎಂದರು.

ಮಾಡಿದೆವು. ಮನೆ ಅಳಿಯ ಎಂಬ ಮಾತು ಎಲ್ಲ ಜಗಲಿಗಳಿಗೂ ಅರ್ಥವಾಯಿತು. ನನ್ನ ಯಾವ ಭಾಷಣವೂ ಅಷ್ಟು ಬೇಗ ಅರ್ಥವಾಗಿರಲಿಲ್ಲ. ಉಮ್ಮಚಗಿಯ ಗಣಪಣ್ಣನಂತೂ ಅಳಿಯನಿಗೂ ಕಚ್ಚು ಹಾಕಿಯೇ ಕೊಡಬೇಕೆಂದು ಹಟ ಹಿಡಿದರು. ಹಾಕಿಕೊಟ್ಟೆ. ಹೆಣ್ಣುಗಳು ಮಡುವಿಗೆ, ಅಲ್ಲಿ ಉಳಿದಿದ್ದ ಗಂಡುಗಳ ಬಳಿಗೆ ಬಂದವು, ಈ ಸಲ ಅಲ್ಲೇ ಉಳಿದವು. ಆದರೆ ಮರಿ ಮಾತ್ರ ಕಾಣಲಿಲ್ಲ. ಪ್ರತಿ ಮುಂಗಾರಿಗೂ ದಂಡೆಯ ಮಣ್ಣು, ತರಗೆಲೆ ಕೆದಕಿ ನೋಡುತ್ತಿದ್ದೆ. ಏನೂ ಇಲ್ಲ. ಬಾವಿಯಲ್ಲಿ ವರ್ಷಗಟ್ಟಲೆ ಒಂಟಿ ಇದ್ದು ಇವಕ್ಕೆ ಸಂಸಾರವೇ ಮರೆತುಹೋಯಿತೇ ಎಂದು ಹೆಂಡತಿಯ ಹತ್ತಿರ ಹೇಳಿದೆ. "ಅದ್ಕೆ ಬಾವೀಲೇ ಇರಕು ಹೇಳಿ ಇಲ್ಲೆ" ಎಂದು ಅವಳು ನನ್ನನ್ನೊಮ್ಮೆ ನೋಡಿದಳು. ನಾನು ಮಾತು ಬದಲಿಸಿದೆ.

ಅಷ್ಟರಲ್ಲಿ ಹೊಸ ಶತಮಾನ ಬಂತು. ಒಂದು ಬೇಸಿಗೆ ಭಾಗತ್ತೆಯ ಮನೆಯಲ್ಲಿ ಬಾವಿಯ ಕೆಸರು ತೆಗೆಸುತ್ತಿದ್ದಾರೆ ಎಂದು ತಿಳಿದು ಹೋದೆ. ಪಟೇಲನನ್ನು ಕೇಳುವುದಕ್ಕಲ್ಲ, ಆ ಆಸೆ ಬಿಟ್ಟಿದ್ದೆ. ಬಾವಿಕಟ್ಟೆಯ ಪಕ್ಕ ಹಿತ್ತಾಳೆ ಹಂಡೆಯಲ್ಲಿ ಪಟೇಲ ಕೂತಿತ್ತು. ಮಾವ ಪಕ್ಕದಲ್ಲೇ ಕವಳ ಹಾಕುತ್ತಿದ್ದ. ರೂಢಿಯಂತೆ ಆಮೆಯನ್ನು ಎತ್ತಿ ಮಗುಚಿ ನೋಡಿದೆ. ಹೊಟ್ಟೆಯ ಚಿಪ್ಪು ಮಣೆಯ ಹಾಗೆ ಸಪಾಟಾಗಿತ್ತು.

"ಅತ್ತೆ, ಇದು ಹೆಣ್ಣು" ಎಂದೆ.

ಮಾವ ಬಾಯೊಳಗಿನ ಕವಳ ಪಕ್ಕಕ್ಕೆ ಸರಿಸಿ, "ಈಗ ಹೆಸ್ರು ಬದ್ಲು ಮಾಡಲೆ ಆಗ್ತಿಲ್ಲೆ. ರೂಢಿ ಆಗೋಯ್ದು" ಎಂದ.

ಭಾಗತ್ತೆ ಹತ್ತಿರ ಬಂದು ಹಂಡೆಯನ್ನೇ ನೋಡುತ್ತ ನಿಂತಳು. "ಹೆಣ್ಣಾ ಇದು?" ಎಂದಳು. ಮಾವ ಕವಳ ಉಗುಳಲು ಆಚೆ ಹೋದ ಮೇಲೆ ನನಗೆ ಮಾತ್ರ ಕೇಳುವಂತೆ, "ಗಂಡಸು ಹೇಳಿ ಗ್ರಹಿಸ್ಕಂಡು ಎಷ್ಟೋ ಮಾತು ಬಾಯಿವರೆಗೆ ಬಂದಿದ್ದನ್ನ ನುಂಗಿದ್ದಿ ಮಾಣಿ" ಎಂದಳು.

ಆಗಲೇ ಬಾವಿಯೊಳಗಿನಿಂದ ಕೆಸರಿನ ಬುಟ್ಟಿ ಮೇಲೆ ಬಂತು. ಸುರಿದಾಗ ಕಪ್ಪು ಕೆಸರಿನಲ್ಲಿ ಬೆಳ್ಳಗೆ ಏನೋ ಚೂರುಗಳು. ಪ್ರತಿ ಸಲ ಕೆಸರು ತೆಗೆದಾಗಲೂ ಬರುತ್ತದೆ, ಶಂಖದ ಚೂರೋ ಸುಣ್ಣವೋ ಎಂದು ಇವರು ಎಸೆಯುತ್ತಿದ್ದರಂತೆ. ನಾನು ಒಂದನ್ನು ತೊಳೆದು ಅಂಗೈಯಲ್ಲಿಟ್ಟೆ.

"ಮೊಟ್ಟೆ ಚಿಪ್ಪು ಅತ್ತೆ."

"ಜೊತೆ ಇಲ್ಲದೇ ಇಡ್ತಾ?"

"ಇಡ್ತು. ಮರಿ ಆಗ್ತಿಲ್ಲೆ. ಇಡಲೆ ಮಣ್ಣೂ ಇಲ್ಲೆ ಅಲ್ಲಿ. ನೀರಲ್ಲೇ ಬಿಡ್ತು, ಕೊಳೆತು ಹೋಗ್ತು."

"ಪ್ರತಿ ವರ್ಷವಾ?"

"ಹೆಚ್ಚುಕಮ್ಮಿ ಪ್ರತಿ ವರ್ಷ."

ಅವಳು ಚಿಪ್ಪಿನ ಚೂರನ್ನು ನನ್ನ ಕೈಯಿಂದ ತೆಗೆದುಕೊಂಡಳು. ನಲವತ್ತು ವರ್ಷಕ್ಕೂ ಮೇಲ್ಪಟ್ಟು ಒಂದೇ ಬಾವಿಯ ಮೇಲೊಬ್ಬಳು, ಕೆಳಗೊಬ್ಬಳು. "ಯನ್ನ ಕತೆ ಹೇಳಿದ್ದೇ ಆತು. ಅದ್ರದ್ದು ಎಂತ ಹೇಳಿ ಒಂದಿನ ಕೇಳಿದ್ನಿಲ್ಲೆ" ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಬಾವಿಯ ಕಡೆ ನೋಡುತ್ತ ನಿಂತೆ. ನನಗೂ ಕಣ್ಣು ಮಂಜಾಗಿತ್ತು.

"ಕರ್ಕಂಡು ಹೋಗು" ಎಂದಳು.

ಹಾಗೆಂದು ಬರಿಗೈಯಲ್ಲಿ ಕಳಿಸುವವಳಲ್ಲ. ಮನೆಯಿಂದ ಹೆಣ್ಣು ಹೊರಡುವಾಗ ಮಾಡುವುದನ್ನೆಲ್ಲ ಮಾಡಬೇಕಲ್ಲ! ಪಟೇಲನ ಬೆನ್ನಿಗೆ ಅರಿಶಿನ ಕುಂಕುಮ ಹಚ್ಚಿದಳು. ಹೂ ಇಟ್ಟಳು, ಅದು ಜಾರಿತು. ಉಡಿ ತುಂಬಲು ಹೋದರೆ ಉಡಿ ಎಲ್ಲಿದೆ? ಅಕ್ಕಿ ಬೆನ್ನ ಮೇಲೆ ಹಾಕಿದಳು, ಎಲ್ಲ ಹಂಡೆಗೆ ಬಿತ್ತು. ಪಟೇಲ ತಲೆ ಹೊರಗೆ ಹಾಕಿ ಒಂದು ಕಾಳು ತಿಂದಿತು. ಸೊಸೆಯಂದಿರು ಬಾಗಿಲಲ್ಲಿ ನಿಂತು ಕಿಸಕ್ಕೆಂದರು. ಖಾದರ್ ಮಾತ್ರ ನಗಲಿಲ್ಲ. ಎಷ್ಟೋ ದಿಬ್ಬಣ ಸಾಗಿಸಿದವನು. ಸೀಟಿನ ಮೇಲಿನ ಧೂಳು ಒರೆಸಿ, "ಮೇಲೆ ಕೂರಿಸಿ" ಎಂದ.

ಭಾಗತ್ತೆಯೂ ಜೀಪು ಹತ್ತಿದಳು. ದಾರಿಯಲ್ಲಿ ನಾನು ಕಚ್ಚು ಹಾಕಿದೆ, ಅವಳು ಆಮೆಯ ತಲೆಯ ಮೇಲೆ ಬೆರಳಿಟ್ಟುಕೊಂಡಿದ್ದಳು. ಮಡುವಿನ ದಂಡೆಯಲ್ಲಿ ಬಿಟ್ಟಾಗ ಪಟೇಲ ಸ್ವಲ್ಪ ಹೊತ್ತು ಅಲುಗಲಿಲ್ಲ. ಅಷ್ಟು ಅಗಲದ ನೀರನ್ನು ಅದು ಎಷ್ಟು ಕಾಲದಿಂದ ನೋಡಿರಲಿಲ್ಲವೋ. ಆಮೇಲೆ ಇಳಿದು ಹೋಯಿತು, ತಿರುಗಿ ನೋಡಲಿಲ್ಲ. "ಸರಿ ಬಿಡು, ಆನೂ ಹಂಗೇ ಬಂದಿದ್ದು" ಎಂದಳು ಭಾಗತ್ತೆ. ಅವಳ ಬಾವಿಗೆ ಗಂಡು ತಂದುಕೊಡಲೇ ಎಂದು ಕೇಳಿದೆ. "ಬ್ಯಾಡ. ಮತ್ತೆ ಮೊದಲಿಂದ ಎಲ್ಲ ಹೇಳಕಾಗ್ತು" ಎಂದಳು.

ಆಮೇಲಿನ ವರ್ಷಗಳಲ್ಲಿ ಕಾನಸೂರಿನ ಪೇಟೆಗೆ ಹೋಗಿ ಬರುವಾಗೆಲ್ಲ ಅವಳು ಮಡುವಿನ ಹತ್ತಿರ ಇಳಿಯುತ್ತಿದ್ದಳಂತೆ. ಬಂಡೆಯ ಮೇಲೆ ಚೀಲ ಇಟ್ಟುಕೊಂಡು ಕೂರುತ್ತಿದ್ದಳಂತೆ. ಕೇಳಿದರೆ, ಕಾಲು ನೋವು, ಸುಧಾರಿಸಿಕೊಂಡೆ ಎನ್ನುತ್ತಿದ್ದಳು.

ಒಂದು ಮುಂಗಾರಿನ ಶುರುವಿನಲ್ಲಿ ಅವಳಿಂದ ಫೋನು ಬಂತು. "ಬೇಗ ಬಾ" ಎಂದಳು ಅಷ್ಟೆ. ಮಾವನಿಗೇನಾಯಿತೋ ಎಂದು ಗಾಬರಿಯಾಗಿ ಹೋದರೆ ದಾರಿಯಲ್ಲೇ ಅವಳು ಮಡುವಿನ ದಂಡೆಯಲ್ಲಿ ನಿಂತಿದ್ದಳು. ಎರಡೂ ಕೈ ಬೊಗಸೆ. ಬೊಗಸೆಯಲ್ಲಿ ಲಿಂಬೆಹಣ್ಣಿನ ಹೋಳಿನಷ್ಟು ಒಂದು ಕರಿ ಮರಿ. ನಾಲ್ಕೂ ಕಾಲು ಆಡಿಸುತ್ತಿತ್ತು, ಸಿಟ್ಟು ಬಂದ ಹಾಗೆ. ಮಡುವಿನ ಇಷ್ಟು ಹೆಣ್ಣುಗಳಲ್ಲಿ ಯಾವುದರ ಮರಿ ಎಂದು ಹೇಳಲು ನನ್ನ ವಿಜ್ಞಾನಕ್ಕೆ ದಾರಿಯಿರಲಿಲ್ಲ. ಭಾಗತ್ತೆ ನನ್ನನ್ನು ಕೇಳಲೂ ಇಲ್ಲ. "ನೋಡು, ಪಟೇಲನ ಮೂಗೇ" ಎಂದಳು.

ಖುಷಿಗೆ ನನ್ನ ಕೈ ತನ್ನಷ್ಟಕ್ಕೆ ಜೇಬಿಗೆ ಹೋಗಿ ಅರ ತೆಗೆಯಿತು. ಇಷ್ಟು ವರ್ಷದ ರೂಢಿ.

ಭಾಗತ್ತೆ ಬೊಗಸೆಯನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.

"ಬ್ಯಾಡ ಮಾಣಿ. ಇದು ಯಾರ ಮನೆ ಬಾವಿದೂ ಅಲ್ಲ" ಎಂದಳು. "ಇದಕ್ಕೆ ಗುರುತು ಎಂತಕ್ಕೆ?"

ಅವಳು ಬಗ್ಗಿ ಬೊಗಸೆ ಬಿಡಿಸಿದಳು. ನಾನು ಅರವನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ. ಅಂದೇ ಅದನ್ನು ಅಡುಗೆಮನೆಯ ಡ್ರಾವರಿನಲ್ಲಿ ಸೌಟುಗಳ ನಡುವೆ ಇಟ್ಟವನು ನಾನೇ. ಹಪ್ಪಳದ ಡಬ್ಬಿಯ ಮುಚ್ಚಳವನ್ನು ಮೊನ್ನೆ ಚಮಚದ ಹಿಡಿಕೆಯಿಂದ ಎಬ್ಬಿದೆ.